ಕಂಪೈಲರಿನ ಪರಿಷ್ಕಾರ ಮತ್ತು ಡ್ರೈವರಿನ ಮೂಲಪಾಠ

ಕಂಪ್ಯೂಟರಿಗೆ ಜೋಡಿಸಿದ ಯಾವ ಸಾಧನವೂ ತಾನಾಗಿ ಕೆಲಸ ಮಾಡಲಾರದು. ಮುದ್ರಣಯಂತ್ರವಾಗಲಿ, ಜಾಲದ ಕಾರ್ಡಾಗಲಿ, ನೀರಿನ ಮಟ್ಟವನ್ನು ಅಳೆಯುವ ಉಪಕರಣವಾಗಲಿ, ಅದಕ್ಕೂ ಕಂಪ್ಯೂಟರಿನ ಆಡಳಿತವನ್ನು ನಡೆಸುವ ಕರ್ನೆಲಿಗೂ ನಡುವೆ ಒಬ್ಬ ದುಭಾಷಿ ಬೇಕು. ಈ ದುಭಾಷಿಯ ಕೆಲಸ ಮಾಡುವ ಕ್ರಮವಿಧಿಗೆ ಡ್ರೈವರ್ ಎಂದು ಹೆಸರು. ಲಿನಕ್ಸ್ ಕರ್ನೆಲಿನ ಡ್ರೈವರುಗಳನ್ನು ಬಹುಮಟ್ಟಿಗೆ ಸಿ ಭಾಷೆಯಲ್ಲಿ ಬರೆಯುತ್ತಾರೆ. ಹಾಗೆ ಬರೆದುದನ್ನು ಯಂತ್ರಭಾಷೆಗೆ ಪರಿವರ್ತಿಸತಕ್ಕದ್ದು ಕಂಪೈಲರ್. ಈ ಕಂಪೈಲರ್ ಪದಕ್ಕೆ ಪದವಿಟ್ಟು ಅನುವಾದಿಸುವ ಗುಮಾಸ್ತನಲ್ಲ. ಅದು ಮೂಲವನ್ನು ಓದಿ, ತನಗೆ ಪುನರುಕ್ತಿಯೆಂದು ಕಂಡುದನ್ನು ಬಿಟ್ಟು, ಕ್ರಮವನ್ನು ಹಿಂದುಮುಂದು ಮಾಡಿ, ಚಿಕ್ಕ ಉಪಕ್ರಮಗಳನ್ನು ಕರೆದ ಸ್ಥಳದಲ್ಲಿಯೇ ಬಿಡಿಸಿ ಬರೆದು, ಹೆಚ್ಚು ವೇಗದ ಅಥವಾ ಕಡಿಮೆ ಗಾತ್ರದ ಪಾಠವೊಂದನ್ನು ಸಿದ್ಧಪಡಿಸುತ್ತದೆ. ಇದಕ್ಕೆ ಆಪ್ಟಿಮೈಸೇಶನ್ ಎನ್ನುತ್ತಾರೆ; ಈ ಲೇಖನದಲ್ಲಿ ಪರಿಷ್ಕಾರವೆಂಬ ಮಾತನ್ನು ಬಳಸಿದೆ. ಎಷ್ಟು ಪರಿಷ್ಕಾರ ಬೇಕೆಂಬುದನ್ನು ಬರೆದವನು ಆಜ್ಞೆಯ ಮೂಲಕ ತಿಳಿಸಬಹುದು. ಜಿಸಿಸಿ ಕಂಪೈಲರಿನಲ್ಲಿ ಓ-೦, ಓ-೧, ಓ-೨, ಓ-೩ ಎಂಬ ಮಟ್ಟಗಳೂ ಗಾತ್ರವನ್ನು ಕುಗ್ಗಿಸುವುದಕ್ಕಾಗಿ ಓ-ಎಸ್ ಎಂಬುದೂ ಇವೆ.

ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಈ ಮಟ್ಟಗಳನ್ನು ಕುರಿತು ಒಂದು ಅಭಿಪ್ರಾಯ ಬಾಯಿಂದ ಬಾಯಿಗೆ ಹರಡಿದೆ. ಓ-೦ ಮಟ್ಟದಲ್ಲಿ ಸರಿಯಾಗಿ ನಡೆದ ಕ್ರಮವಿಧಿ ಓ-೨ ಮಟ್ಟದಲ್ಲಿ ಕೆಟ್ಟರೆ ಅಪರಾಧ ಕಂಪೈಲರಿನದು. ಆದುದರಿಂದ ಪರಿಷ್ಕಾರವನ್ನು ನಿಲ್ಲಿಸಿಬಿಡುವುದೇ ಪರಿಹಾರ, ಎಂಬುದು ಆ ಅಭಿಪ್ರಾಯ. ಇದರಲ್ಲಿ ಎರಡು ಮಾತುಗಳು ಅಡಗಿವೆ. ಶೂನ್ಯ ಮಟ್ಟದ ಅನುವಾದವೇ ನಿಜವಾದ ಮೂಲ ಎಂಬುದು ಒಂದು. ಪರಿಷ್ಕಾರವೆಂದರೆ ಪಾಠವನ್ನು ಕೆಡಿಸುವುದು ಎಂಬುದು ಇನ್ನೊಂದು. ಇವೆರಡೂ ಒಪ್ಪತಕ್ಕವಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ. ಆದರೆ ಈ ತಪ್ಪು ಅಭಿಪ್ರಾಯದ ಹಿಂದೆ ನ್ಯಾಯವಾದ ಒಂದು ದೂರೂ ಇದೆ. ಅದನ್ನು ಕಡೆಗಣಿಸಿದರೆ ವಿಮರ್ಶೆ ಏಕಪಕ್ಷೀಯವಾಗುತ್ತದೆ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಪಾಠಾಂತರ, ಲಿಪಿಕಾರನ ಲೋಪ, ಸಂಪಾದಕನ ಸ್ವಾತಂತ್ರ್ಯ, ಇವು ನಮ್ಮ ಶಾಸ್ತ್ರದ ಹಳೆಯ ಪ್ರಶ್ನೆಗಳು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಪಾಠ ಹೇಳುವವನು ಮಸ್ಕಿಯ ಅಶೋಕಶಾಸನದ ಮೇಲೆ ಹಾದು ಹೋಗದೆ ಇರಲಾರ; ಆ ಶಾಸನದ ಪಾಠವನ್ನು ಬೇರೆ ಕಡೆಯ ಪಾಠಗಳೊಡನೆ ಹೋಲಿಸಿ ತೋರಿಸುವಾಗ ಏಳುವ ಪ್ರಶ್ನೆಗಳೂ ಕಂಪೈಲರ್ ಎಬ್ಬಿಸುವ ಪ್ರಶ್ನೆಗಳೂ ಒಂದೇ ಜಾತಿಯವು. ಈ ಸಂಬಂಧವನ್ನು ಅತಿಯಾಗಿ ಎಳೆಯುವ ಇಚ್ಛೆ ನಮಗಿಲ್ಲ.

ಮೊದಲು ಪರಿಷ್ಕಾರದ ಚರಿತ್ರೆಯನ್ನು ಎರಡು ಮಾತಿನಲ್ಲಿ ನೋಡೋಣ. ಪರಿಷ್ಕಾರವು ಕಂಪೈಲರಿಗೆ ಅನಂತರ ಅಂಟಿಸಿದ ಅಲಂಕಾರವಲ್ಲ. ೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಕಂಪೈಲರನ್ನು ಹೊರತಂದಾಗ ಅವರಿಗಿದ್ದ ಮುಖ್ಯ ಆತಂಕವೆಂದರೆ, ಯಂತ್ರವು ಮಾಡಿದ ಅನುವಾದ ನುರಿತ ಮನುಷ್ಯನು ಕೈಯಿಂದ ಬರೆದುದಕ್ಕಿಂತ ಬಹಳ ನಿಧಾನವಾದರೆ ಯಾರೂ ಅದನ್ನು ಮುಟ್ಟುವುದಿಲ್ಲ ಎಂಬುದು. ಅಂದಿನಿಂದಲೇ ಕಂಪೈಲರು ಅನುವಾದಕನೂ ಹೌದು, ಪರಿಷ್ಕರ್ತನೂ ಹೌದು. ಆ ಸಂಸ್ಥೆಯಲ್ಲಿಯೇ ಫ್ರಾನ್ಸಿಸ್ ಅಲೆನ್ ಮತ್ತು ಜಾನ್ ಕಾಕ್ ಅವರು ಪರಿಷ್ಕಾರದ ವಿಧಾನಗಳನ್ನು ಶಾಸ್ತ್ರೀಯವಾಗಿ ವರ್ಗೀಕರಿಸಿದರು. ಅಲೆನ್ ಅವರಿಗೆ ೨೦೦೬ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಅವರು ಸಂಪಾದಿಸಿ ೨೦೦೨ರಲ್ಲಿ ಪ್ರಕಟವಾದ ಕಂಪೈಲರ್ ಕೈಪಿಡಿಯು ಪರಿಷ್ಕಾರವನ್ನೇ ಪ್ರಧಾನ ವಿಷಯವನ್ನಾಗಿ ಮಾಡಿಕೊಂಡಿದೆ. ಈ ಶಾಸ್ತ್ರ ನಮ್ಮ ನಾಡಿಗೆ ಹೊರಗಿನದಲ್ಲವೆಂಬುದಕ್ಕೆ ಅಷ್ಟು ಸಾಕು.

ಕಂಪೈಲರಿಗೆ ದತ್ತವಾದ ಸ್ವಾತಂತ್ರ್ಯ ಎಷ್ಟು? ಸಿ ಭಾಷೆಯ ಅಧಿಕೃತ ಲಕ್ಷಣಗ್ರಂಥ ಅಮೆರಿಕದಲ್ಲಿ ೧೯೮೯ರಲ್ಲಿಯೂ ಅಂತರರಾಷ್ಟ್ರೀಯವಾಗಿ ೧೯೯೦ರಲ್ಲಿಯೂ ಹೊರಬಂದಿತು. ಅದು ಒಂದು ಕಾಲ್ಪನಿಕ ಯಂತ್ರವನ್ನು ವರ್ಣಿಸಿ, ಹೊರಗೆ ಕಾಣುವ ಪರಿಣಾಮ ಆ ಯಂತ್ರದಲ್ಲಿ ಇರುವಂತೆಯೇ ಇದ್ದರೆ ಒಳಗಿನ ಹಂತಗಳನ್ನು ಹೇಗೆ ಬೇಕಾದರೂ ಮಾರ್ಪಡಿಸಬಹುದೆಂದು ಅನುಮತಿ ಕೊಡುತ್ತದೆ. ಒಂದು ಸ್ಥಾನಕ್ಕೆ ಮೊದಲು ಒಂದು ಬೆಲೆಯನ್ನೂ, ನಡುವೆ ಯಾರೂ ಓದದೆ, ಒಡನೆಯೇ ಇನ್ನೊಂದು ಬೆಲೆಯನ್ನೂ ಬರೆದರೆ ಮೊದಲನೆಯ ಬರಹ ವ್ಯರ್ಥ; ಅದನ್ನು ಬಿಡಬಹುದು. ಒಂದೇ ಸ್ಥಾನವನ್ನು ನೂರು ಸಲ ಓದಿದರೆ, ನಡುವೆ ಕ್ರಮವಿಧಿ ಅದನ್ನು ಬದಲಿಸದಿದ್ದ ಪಕ್ಷದಲ್ಲಿ, ಒಂದು ಸಲ ಓದಿ ನೆನಪಿಟ್ಟುಕೊಂಡರೆ ಸಾಕು. ಸಾಮಾನ್ಯ ಲೆಕ್ಕಾಚಾರದ ಕ್ರಮವಿಧಿಗಳಲ್ಲಿ ಇದು ಸಂಪೂರ್ಣವಾಗಿ ಸರಿಯಾದ ತರ್ಕ.

ಡ್ರೈವರಿನಲ್ಲಿ ಇದೇ ತರ್ಕ ಅನರ್ಥಕ್ಕೆ ಕಾರಣವಾಗುತ್ತದೆ. ಏಕೆಂದರೆ ಡ್ರೈವರಿನ ಪಾಠಕ್ಕೆ ಕಂಪೈಲರು ಕಾಣದ ಮೂರನೆಯ ಶ್ರೋತೃವೊಬ್ಬನಿದ್ದಾನೆ, ಅವನೇ ಸಾಧನ. ಸಾಧನದ ರಿಜಿಸ್ಟರುಗಳು ಕರ್ನೆಲಿಗೆ ಸ್ಮೃತಿಯ ಸ್ಥಾನಗಳಂತೆಯೇ ತೋರುತ್ತವೆ. ಆದರೆ ಅವು ಸ್ಮೃತಿಯಲ್ಲ. ಅಲ್ಲಿ ಒಂದನ್ನು ಬರೆದು ಕೂಡಲೇ ಸೊನ್ನೆಯನ್ನು ಬರೆದರೆ ಸಾಧನವನ್ನು ಹೊಸದಾಗಿ ಪ್ರಾರಂಭಿಸೆಂದು ಅರ್ಥವಾಗಬಹುದು. ಕಂಪೈಲರು ಮೊದಲ ಬರಹವನ್ನು ವ್ಯರ್ಥವೆಂದು ಬಿಟ್ಟರೆ ಸಾಧನಕ್ಕೆ ಆಜ್ಞೆಯೇ ತಲುಪುವುದಿಲ್ಲ. ಸಾಧನ ಸಿದ್ಧವಾಯಿತೇ ಎಂದು ಒಂದು ಸ್ಥಾನವನ್ನು ಪದೇ ಪದೇ ಓದುತ್ತ ಕಾಯುವಲ್ಲಿ, ಕಂಪೈಲರು ಒಂದೇ ಸಲ ಓದಿ ಆ ಬೆಲೆಯನ್ನೇ ಇಟ್ಟುಕೊಂಡರೆ ಕಾಯುವಿಕೆಗೆ ಕೊನೆಯೇ ಇಲ್ಲ. ಮಾಹಿತಿಯನ್ನು ತುಂಬಿದ ಮೇಲೆ ಪ್ರಾರಂಭಿಸೆಂದು ಹೇಳಬೇಕಾದ ಕಡೆ ಕ್ರಮ ತಲೆಕೆಳಗಾದರೆ ಸಾಧನ ಕಸವನ್ನು ಎತ್ತಿಕೊಂಡು ಹೊರಡುತ್ತದೆ.

ನಮ್ಮ ಕಡೆಯ ಉದಾಹರಣೆಯೊಂದರಿಂದ ಇದನ್ನು ಸ್ಪಷ್ಟಪಡಿಸಬಹುದು. ಸಿಂಧನೂರು ಸೀಮೆಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯ ಗೇಜನ್ನು ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯಲು ಒಬ್ಬ ನೌಕರನನ್ನು ಇಟ್ಟಿದೆಯೆಂದು ಭಾವಿಸೋಣ. ಅವನು ಚುರುಕಾದ ಮನುಷ್ಯ. ಬೆಳಗ್ಗೆ ಒಮ್ಮೆ ನೋಡುತ್ತಾನೆ. ತಾನು ತೂಬನ್ನು ಮುಟ್ಟಿಲ್ಲ. ಆದುದರಿಂದ ನೀರು ಬದಲಾಗಿರಲಾರದೆಂದು ತೀರ್ಮಾನಿಸಿ ಅದೇ ಅಂಕಿಯನ್ನು ಸಂಜೆಯವರೆಗೆ ಬರೆದುಬಿಡುತ್ತಾನೆ. ಅವನ ತರ್ಕದಲ್ಲಿ ದೋಷವಿಲ್ಲ, ಸೋಮಾರಿತನವೂ ಇಲ್ಲ, ಇರುವುದು ಅಜ್ಞಾನ. ಕಾಲುವೆಯ ತಲೆಯಲ್ಲಿ ನೀರನ್ನು ಏರಿಸುವವರೂ ಇಳಿಸುವವರೂ ಬೇರೆ ಇದ್ದಾರೆಂಬುದನ್ನು ಅವನಿಗೆ ಯಾರೂ ಹೇಳಿಲ್ಲ. ಕೊನೆಯ ಭಾಗದ ಬತ್ತದ ಗದ್ದೆ ಒಣಗಿದರೆ ತಪ್ಪು ಯಾರದು? ನೌಕರನದೆನ್ನುವುದು ಸುಲಭ. ಗಂಟೆಗೊಮ್ಮೆ ನೋಡು ಎಂದು ಹೇಳಿ, ಏಕೆ ನೋಡಬೇಕೆಂಬುದನ್ನು ಹೇಳದೆ ಬಿಟ್ಟವನ ಪಾಲೂ ಅದರಲ್ಲಿದೆ.

ಪುನರುಕ್ತಿ ಎಂಬುದು ಪಾಠದಲ್ಲಿ ಇರುವ ಗುಣವಲ್ಲ, ಓದುವವನ ತಿಳಿವಳಿಕೆಯನ್ನು ಅವಲಂಬಿಸಿದ ಗುಣವೆಂಬುದಕ್ಕೆ ಮಸ್ಕಿಯ ಶಾಸನಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಆಗ ನಿಜಾಮರ ರಾಜ್ಯದಲ್ಲಿ, ಲಿಂಗಸುಗೂರು ಸೀಮೆಗೆ ಸೇರಿದ್ದ ಈ ಊರಿನ ಬಂಡೆಯ ಮೇಲೆ, ಚಿನ್ನದ ಗಣಿಯ ಎಂಜಿನಿಯರಾಗಿದ್ದ ಬೀಡನ್ ಎಂಬವರು ೧೯೧೫ರಲ್ಲಿ ಆ ಶಾಸನವನ್ನು ಕಂಡರು, ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದಿನ ಪುರಾತತ್ತ್ವ ಮಾಲೆಯಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ರಾಜನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದ ಮಾತ್ರ ಕಾಣಿಸಿಕೊಳ್ಳುತ್ತಿದ್ದನು. ಅವನೇ ಅಶೋಕನೆಂಬುದಕ್ಕೆ ಸಿಂಹಳದ ವಂಶಕಥೆಗಳ ಆಧಾರವನ್ನು ಹಿಡಿಯಬೇಕಾಗಿತ್ತು. ಮಸ್ಕಿಯಲ್ಲಿ ಬಿರುದಿನ ಪಕ್ಕದಲ್ಲಿ ಅಶೋಕನೆಂಬ ಹೆಸರೇ ದೊರೆಯಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೋಳಗಳಲ್ಲಿಯೂ ಆ ಹೆಸರು ಕಂಡುಬಂದಿತು. ಉಳಿದ ಕಡೆಗಳಲ್ಲಿ ಹೆಸರಿಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಮಹಾಮಾತ್ರನಿಗೆ ಬಿರುದೇ ಸಾಕಾಗಿತ್ತು. ಅವನ ಪಾಲಿಗೆ ಬಿರುದಿದ್ದ ಮೇಲೆ ಹೆಸರು ಪುನರುಕ್ತಿ. ಎರಡು ಸಾವಿರಕ್ಕೂ ಮಿಕ್ಕ ವರ್ಷಗಳ ಅನಂತರ ಬಂದ ಓದುಗನಿಗೆ ಇಡೀ ಬಂಡೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಆ ಒಂದು ಪದ. ಲಿಪಿಕಾರನ ಎದುರಿಗೆ ಇದ್ದ ಓದುಗನಿಗೆ ಬೇಡವಾದದ್ದು, ಎದುರಿಗಿಲ್ಲದ ಓದುಗನಿಗೆ ಬೇಕಾಯಿತು. ಡ್ರೈವರಿನಲ್ಲಿ ಎದುರಿಗಿಲ್ಲದ ಆ ಓದುಗನ ಸ್ಥಾನದಲ್ಲಿ ಸಾಧನವಿದೆ. ಅದು ಎರಡು ಸಾವಿರ ವರ್ಷ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಶೋಕನ ಆಡಳಿತಕ್ಕೆ ಈ ಸಮಸ್ಯೆಯ ಅರಿವಿತ್ತೆಂಬುದು ಗಮನಿಸತಕ್ಕ ಸಂಗತಿ. ಹದಿನಾಲ್ಕನೆಯ ಬಂಡೆಶಾಸನ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ೧೯೮೯ರಲ್ಲಿ ದೊರೆತ ಶಿಲಾಫಲಕದಲ್ಲಿಯೂ ಇದೆ. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷಿಪ್ತವಾಗಿಯೂ ಕೆಲವೆಡೆ ಮಧ್ಯಮವಾಗಿಯೂ ಕೆಲವೆಡೆ ವಿಸ್ತೃತವಾಗಿಯೂ ಇವೆಯೆಂದು ಅದು ತಿಳಿಸುತ್ತದೆ. ಒಂದೇ ಮೂಲಕ್ಕೆ ಮೂರು ಮಟ್ಟಗಳು. ಕೆಲವು ಮಾತುಗಳನ್ನು ಅವುಗಳ ಮಾಧುರ್ಯಕ್ಕಾಗಿ, ಜನರು ಅದರಂತೆ ನಡೆಯಲೆಂದು, ಬೇಕೆಂದೇ ಮತ್ತೆ ಮತ್ತೆ ಹೇಳಿದೆಯೆಂದೂ, ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಸ್ಥಳದ ಕಾರಣದಿಂದಲೋ ಲಿಪಿಕಾರನ ತಪ್ಪಿನಿಂದಲೋ ಇರಬಹುದೆಂದೂ ಅದರ ತಾತ್ಪರ್ಯ. ಬೇಕೆಂದು ಮಾಡಿದ ಪುನರುಕ್ತಿಯನ್ನೂ ಅಕಸ್ಮಾತ್ ಆದ ಲೋಪವನ್ನೂ ಬೇರೆ ಬೇರೆಯಾಗಿ ಹೇಳಿರುವುದು ಇಲ್ಲಿ ಮುಖ್ಯ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ, ಸಮೀಪದಲ್ಲಿ ಎರಡು ಸಲ ಬಂದ ಒಂದೇ ಪದದಲ್ಲಿ ಒಂದನ್ನು ಲಿಪಿಕಾರನು ಬಿಟ್ಟುಬಿಡುವ ಬಗೆ ಹೊಸತಲ್ಲ. ಕಂಪೈಲರು ಕಣ್ಣು ತಪ್ಪಿ ಬಿಡುವುದಿಲ್ಲ, ನಿಯಮ ಹಿಡಿದು ಬಿಡುತ್ತದೆ. ಆ ಕಾರಣದಿಂದಲೇ ಅದರ ಲೋಪವನ್ನು ಮುಂಚಿತವಾಗಿ ಊಹಿಸುವುದು ಸಾಧ್ಯ.

ಈಗ ಶೂನ್ಯ ಮಟ್ಟವೇ ಮೂಲವೆಂಬ ಮಾತನ್ನು ಪರಿಶೀಲಿಸೋಣ. ಸಾಮಾನ್ಯ ಕ್ರಮವಿಧಿಗಳಲ್ಲಿ ಓ-೦ ಉಪಯುಕ್ತವೇ. ದೋಷವನ್ನು ಹುಡುಕುವವನಿಗೆ ಸಾಲಿಗೆ ಸಾಲು ಹೊಂದುವ ಅನುವಾದ ಬೇಕು. ಆದರೆ ಲಿನಕ್ಸ್ ಕರ್ನೆಲನ್ನು ಓ-೦ ಮಟ್ಟದಲ್ಲಿ ಕಟ್ಟುವುದಕ್ಕೇ ಆಗುವುದಿಲ್ಲ. ಪರಿಷ್ಕಾರ ನಡೆಯುತ್ತದೆಯೆಂಬ ನಂಬಿಕೆಯಿಂದಲೇ ಅದರ ಎಷ್ಟೋ ಭಾಗಗಳನ್ನು ಬರೆದಿದೆ. ಉದಾಹರಣೆಗೆ, ಒಂದು ಅಳತೆ ತಪ್ಪಾಗಿದ್ದರೆ ಮಾತ್ರ, ಎಲ್ಲಿಯೂ ರಚಿಸದೆ ಬಿಟ್ಟಿರುವ ಒಂದು ಉಪಕ್ರಮವನ್ನು ಕರೆಯುವಂತೆ ಬರೆದಿರುತ್ತಾರೆ. ಅಳತೆ ಸರಿಯಿದ್ದರೆ ಆ ಕರೆ ಎಂದೂ ನಡೆಯದೆಂದು ಕಂಪೈಲರು ಅರಿತು ಅಳಿಸಿಹಾಕುತ್ತದೆ, ಕಟ್ಟಡ ಮುಗಿಯುತ್ತದೆ. ಅಳತೆ ತಪ್ಪಿದ್ದರೆ ಕರೆ ಉಳಿದುಕೊಂಡು, ಇಲ್ಲದ ಉಪಕ್ರಮವನ್ನು ಹುಡುಕಿ ಸಿಕ್ಕದೆ ಕಟ್ಟಡ ನಿಲ್ಲುತ್ತದೆ. ಪರಿಷ್ಕಾರವನ್ನೇ ಕಾವಲುಗಾರನನ್ನಾಗಿ ಮಾಡಿಕೊಂಡ ಈ ಉಪಾಯ ಚಮತ್ಕಾರದ್ದೇ ಸರಿ. ಓ-೦ ಮಟ್ಟದಲ್ಲಿ ಅಳಿಸುವ ಕೆಲಸ ನಡೆಯದೆ ಸರಿಯಾದ ಪಾಠವೂ ತಪ್ಪೆಂದು ನಿಂತುಹೋಗುತ್ತದೆ. ಇಲ್ಲಿ ಲೇಖಕನ ಉದ್ದೇಶ ಪೂರ್ತಿಯಾಗುವುದು ಪರಿಷ್ಕೃತ ಪಾಠದಲ್ಲಿ, ಶೂನ್ಯ ಮಟ್ಟದಲ್ಲಲ್ಲ. ಮಟ್ಟಗಳು ಸತ್ಯದ ಮೆಟ್ಟಿಲುಗಳೆಂಬ ಕಲ್ಪನೆ ಇಲ್ಲಿಗೆ ಬಿದ್ದುಹೋಗುತ್ತದೆ.

ಮೇಲಿನ ತುದಿಯಲ್ಲಿಯೂ ಅಷ್ಟೆ. ಅಂಕಿ ಹೆಚ್ಚಾದಷ್ಟೂ ವೇಗ ಹೆಚ್ಚೆಂದು ನಂಬುವವರಿದ್ದಾರೆ. ಕರ್ನೆಲಿನ ರೂಢಿ ಓ-೨. ಗಾತ್ರ ಮುಖ್ಯವಾದಲ್ಲಿ ಓ-ಎಸ್. ಓ-೩ ಮಟ್ಟವನ್ನು ಆರಿಸಿಕೊಳ್ಳುವ ಒಂದು ಅವಕಾಶ ಕೆಲಕಾಲ ಕರ್ನೆಲಿನ ಪಟ್ಟಿಯಲ್ಲಿ ಇತ್ತು. ೨೦೨೨ರಲ್ಲಿ ಅದನ್ನು ತೆಗೆದುಹಾಕಿದರು. ಓ-೩ ಪಾಠವು ಅನೇಕ ವೇಳೆ ಗಾತ್ರದಲ್ಲಿ ಉಬ್ಬಿ ವೇಗದಲ್ಲಿ ಕುಗ್ಗಿದ್ದುಂಟೆಂಬುದು ಲಿನಸ್ ಟೊರ್ವಾಲ್ಡ್ಸ್ ಅವರ ವಾದವಾಗಿತ್ತು. ವಿಸ್ತರಿಸಿ ಬರೆದುದೆಲ್ಲ ವ್ಯಾಖ್ಯಾನವಾಗುವುದಿಲ್ಲವೆಂಬುದು ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದಿದವರಿಗೂ ಗೊತ್ತು.

ಹಾಗಾದರೆ ಪರಿಷ್ಕಾರವು ಪಾಠವನ್ನು ಕೆಡಿಸುತ್ತದೆಂಬ ದೂರು ನಿರಾಧಾರವೇ? ೨೦೦೯ರ ಒಂದು ಪ್ರಸಂಗವನ್ನು ಇಲ್ಲಿ ಕೊಂಚ ವಿವರವಾಗಿ ನೋಡಬೇಕಾಗಿದೆ. ಲಿನಕ್ಸ್ ಕರ್ನೆಲಿನಲ್ಲಿ ಟನ್ ಎಂಬ ಡ್ರೈವರೊಂದಿದೆ. ನಿಜವಾದ ಕಾರ್ಡಿಲ್ಲದೆಯೇ ಜಾಲದ ಸಾಧನವೊಂದಿರುವಂತೆ ತೋರಿಸುವುದು ಅದರ ಕೆಲಸ. ಅದರ ಒಂದು ಉಪಕ್ರಮದಲ್ಲಿ ಮೊದಲನೆಯ ಸಾಲು ಒಂದು ಪಾಯಿಂಟರಿನ ಮೂಲಕ ಒಳಗಿನ ಬೆಲೆಯೊಂದನ್ನು ಎತ್ತಿಕೊಳ್ಳುತ್ತಿತ್ತು. ಅನಂತರದ ಸಾಲು ಆ ಪಾಯಿಂಟರು ಶೂನ್ಯವೇ ಎಂದು ಕೇಳಿ, ಶೂನ್ಯವಾದರೆ ತಪ್ಪೆಂದು ತಿಳಿಸಿ ಹಿಂದಿರುಗುತ್ತಿತ್ತು. ಮನೆಯೊಳಗೆ ಹೋಗಿ ಕುಳಿತ ಮೇಲೆ ಬಾಗಿಲು ಇದೆಯೇ ಎಂದು ಕೇಳಿದಂತೆ. ಬರೆದವರ ಕ್ರಮ ತಪ್ಪಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಜಿಸಿಸಿ ಕಂಪೈಲರಾದರೋ ಹೀಗೆ ತರ್ಕಿಸಿತು: ಶೂನ್ಯ ಪಾಯಿಂಟರನ್ನು ಬಳಸುವ ಕ್ರಮವಿಧಿಗೆ ಲಕ್ಷಣಗ್ರಂಥದ ಪ್ರಕಾರ ಅರ್ಥವೇ ಇಲ್ಲ, ಈ ಕ್ರಮವಿಧಿಗೆ ಅರ್ಥವಿರಬೇಕು, ಪಾಯಿಂಟರನ್ನು ಆಗಲೇ ಬಳಸಿಯಾಗಿದೆ, ಆದುದರಿಂದ ಅದು ಶೂನ್ಯವಲ್ಲ, ಆದುದರಿಂದ ಆ ಮೇಲಿನ ಪ್ರಶ್ನೆ ವ್ಯರ್ಥ. ಹೀಗೆಂದು ಪ್ರಶ್ನೆಯನ್ನೇ ಅಳಿಸಿಹಾಕಿತು.

ಪ್ರಶ್ನೆ ಉಳಿದಿದ್ದರೆ ತಪ್ಪು ಕ್ರಮವಿದ್ದಾಗಲೂ ಅಪಾಯ ತಪ್ಪುತ್ತಿತ್ತು. ಅದು ಅಳಿದುದರಿಂದ, ಸ್ಮೃತಿಯ ಶೂನ್ಯ ಸ್ಥಾನದಲ್ಲಿ ತನ್ನ ಮಾಹಿತಿಯನ್ನು ಇಟ್ಟುಕೊಳ್ಳಬಲ್ಲ ಸಾಮಾನ್ಯ ಬಳಕೆದಾರನೊಬ್ಬನು ಇಡೀ ಯಂತ್ರದ ಅಧಿಕಾರವನ್ನು ಕಸಿದುಕೊಳ್ಳುವುದು ಸಾಧ್ಯವಾಯಿತು. ಬ್ರಾಡ್ ಸ್ಪೆಂಗ್ಲರ್ ಎಂಬವರು ಆ ವರ್ಷದ ಜುಲೈ ತಿಂಗಳಿನಲ್ಲಿ ಇದನ್ನು ಪ್ರತ್ಯಕ್ಷವಾಗಿ ಮಾಡಿ ತೋರಿಸಿದರು. ಮೂಲಪಾಠವನ್ನು ಕಣ್ಣಾರೆ ಓದಿದ ಪರೀಕ್ಷಕನಿಗೆ ಅಲ್ಲಿ ಕಾವಲು ಇದ್ದಂತೆ ಕಾಣುತ್ತಿತ್ತು. ಯಂತ್ರವು ನಡೆಸುತ್ತಿದ್ದ ಪಾಠದಲ್ಲಿ ಕಾವಲು ಇರಲಿಲ್ಲ. ಈ ಅಂತರವೇ ನಾವು ಮೇಲೆ ಹೇಳಿದ ನ್ಯಾಯವಾದ ದೂರು. ಓದುವ ಪಾಠ ಬೇರೆ, ನಡೆಯುವ ಪಾಠ ಬೇರೆ ಎಂದಾದ ಮೇಲೆ ಓದಿ ಪರೀಕ್ಷಿಸುವುದರ ಬೆಲೆ ಎಷ್ಟರದು? ಮುಂದೆ ೨೦೧೩ರಲ್ಲಿ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ಷಿ ವಾಂಗ್ ಮತ್ತು ಸಂಗಡಿಗರು, ಪರಿಷ್ಕಾರದಿಂದ ಹೀಗೆ ಅಳಿದುಹೋಗಬಲ್ಲ ಸಾಲುಗಳನ್ನು ಯಂತ್ರದ ಸಹಾಯದಿಂದಲೇ ಹುಡುಕಿ, ಬಳಕೆಯಲ್ಲಿದ್ದ ಕ್ರಮವಿಧಿಗಳಲ್ಲಿ ಅಂತಹ ನೂರಕ್ಕೂ ಮಿಕ್ಕ ದೋಷಗಳನ್ನು ತೋರಿಸಿಕೊಟ್ಟರು. ಇದು ಅಪರೂಪದ ಆಕಸ್ಮಿಕವಲ್ಲವೆಂದು ಅದರಿಂದ ಸ್ಪಷ್ಟವಾಗಿದೆ.

ಟನ್ ಪ್ರಸಂಗದ ಅನಂತರ ಕರ್ನೆಲಿನವರು ಎರಡು ಕೆಲಸ ಮಾಡಿದರು. ಡ್ರೈವರಿನ ಸಾಲುಗಳ ಕ್ರಮವನ್ನು ತಿದ್ದಿದರು. ಅಲ್ಲದೆ, ಶೂನ್ಯ ಪಾಯಿಂಟರಿನ ಪರೀಕ್ಷೆಗಳನ್ನು ಅಳಿಸಬಾರದೆಂಬ ನಿಷೇಧಾಜ್ಞೆಯನ್ನು ಇಡೀ ಕರ್ನೆಲಿಗೆ ಅನ್ವಯಿಸುವಂತೆ ಕಂಪೈಲರಿಗೆ ಕೊಟ್ಟರು. ಇದಕ್ಕೆ ಮೊದಲೇ ಇನ್ನೊಂದು ನಿಷೇಧವಿತ್ತು: ಭಿನ್ನ ಜಾತಿಯ ಎರಡು ಪಾಯಿಂಟರುಗಳು ಒಂದೇ ಸ್ಥಾನವನ್ನು ಸೂಚಿಸಲಾರವೆಂಬ, ಓ-೨ ಮಟ್ಟದಲ್ಲಿ ತಾನಾಗಿ ಜಾರಿಗೆ ಬರುವ, ಊಹೆಯನ್ನು ಕರ್ನೆಲಿನಲ್ಲಿ ಮಾಡಕೂಡದು ಎಂಬುದು. ಹೀಗೆ ಕರ್ನೆಲಿನ ಓ-೨ ಎಂದರೆ ಜಿಸಿಸಿಯ ಶುದ್ಧ ಓ-೨ ಅಲ್ಲ. ನಿಷೇಧಗಳ ಪಟ್ಟಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡ ಓ-೨.

ಇದನ್ನು ಕೆಲವರು ಹಳಿದಿದ್ದಾರೆ. ಭಾಷೆಯ ಲಕ್ಷಣಗ್ರಂಥವನ್ನು ಪಾಲಿಸದೆ ತಮ್ಮದೇ ಆದ ಉಪಭಾಷೆಯಲ್ಲಿ ಬರೆದು ಕಂಪೈಲರಿನ ಕೈಕಟ್ಟುವುದು ಅಶಾಸ್ತ್ರೀಯವೆಂಬುದು ಅವರ ಆಕ್ಷೇಪ. ನಮಗೆ ಈ ಆಕ್ಷೇಪ ಒಪ್ಪಿಗೆಯಾಗುವುದಿಲ್ಲ. ಪ್ರಯೋಗಶರಣರು ವೈಯಾಕರಣರೆಂಬುದು ನಮ್ಮಲ್ಲಿ ಬಹುಕಾಲದಿಂದ ಬಂದ ಮಾತು. ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ ಪೂರ್ವಕವಿಗಳ ಪ್ರಯೋಗವನ್ನು ಲಕ್ಷ್ಯವಾಗಿ ಇಟ್ಟುಕೊಂಡನೇ ಹೊರತು ಕವಿಗಳ ಬಾಯನ್ನು ಕಟ್ಟಲಿಲ್ಲ. ಸಿ ಭಾಷೆಯ ಚರಿತ್ರೆಯೂ ಇದಕ್ಕೆ ಅನುಕೂಲವಾಗಿದೆ. ಡೆನಿಸ್ ರಿಚಿ ಅವರು ಆ ಭಾಷೆಯನ್ನು ರೂಪಿಸಿದ್ದು ೧೯೭೨ರ ಸುಮಾರಿನಲ್ಲಿ; ಯುನಿಕ್ಸ್ ಕರ್ನೆಲನ್ನು ಅದರಲ್ಲಿ ತಿರುಗಿ ಬರೆದದ್ದು ೧೯೭೩ರಲ್ಲಿ. ಲಕ್ಷಣಗ್ರಂಥ ಬಂದದ್ದು ಹದಿನಾರು ವರ್ಷಗಳ ಮೇಲೆ. ಕರ್ನೆಲ್ ಬರೆಯುವುದಕ್ಕಾಗಿ ಬೆಳೆದ ಭಾಷೆಯ ಲಕ್ಷಣವು ಕರ್ನೆಲಿನ ಪ್ರಯೋಗವನ್ನೇ ನಿರರ್ಥಕವೆಂದು ಸಾರಿದರೆ ತಿದ್ದಿಕೊಳ್ಳಬೇಕಾದದ್ದು ಯಾವುದು ಎಂಬ ಪ್ರಶ್ನೆ ಸಹಜ. ನಿಷೇಧಗಳ ಪಟ್ಟಿ ಸುಂದರವಲ್ಲ, ನಿಜ. ಆದರೆ ಅದು ಪ್ರಾಮಾಣಿಕವಾದುದು: ನಮ್ಮ ಪಾಠವನ್ನು ಈ ಈ ಊಹೆಗಳಿಂದ ಓದಬೇಡಿ ಎಂದು ಸಂಪಾದಕನಿಗೆ ಬರೆದುಕೊಟ್ಟ ಪೀಠಿಕೆ ಅದು.

ಬರೆದವನು ಪಾಠದ ಒಳಗೇ ಎಚ್ಚರಿಕೆಯನ್ನು ಕೊಡುವ ಉಪಾಯವೂ ಉಂಟು. ೧೯೮೯ರ ಲಕ್ಷಣಗ್ರಂಥದಲ್ಲಿ ಸೇರಿದ ‘ವೊಲಟೈಲ್’ ಎಂಬ ವಿಶೇಷಣವನ್ನು ಒಂದು ಚರಕ್ಕೆ ಹಚ್ಚಿದರೆ, ಅದರ ಪ್ರತಿಯೊಂದು ಓದನ್ನೂ ಬರಹವನ್ನೂ ಬರೆದಂತೆಯೇ ನಡೆಸಬೇಕೆಂದು ಕಂಪೈಲರಿಗೆ ಕಟ್ಟಪ್ಪಣೆ. ಗೇಜು ನೋಡುವವನಿಗೆ, ನೀನು ಮುಟ್ಟದಿದ್ದರೂ ನೀರು ಬದಲಾಗುತ್ತದೆ ಎಂದು ತಿಳಿಸಿದಂತೆ. ರಿಚಿ ಅವರೇ ೧೯೮೮ರಲ್ಲಿ ಲಕ್ಷಣಸಮಿತಿಗೆ ಬರೆದ ಪತ್ರದಲ್ಲಿ, ಇನ್ನೊಂದು ವಿಶೇಷಣವನ್ನು ತೀವ್ರವಾಗಿ ವಿರೋಧಿಸುತ್ತ, ಈ ವಿಶೇಷಣದ ಪ್ರಯೋಜನವನ್ನು ಕುರಿತೂ ಸಂದೇಹವನ್ನು ವ್ಯಕ್ತಪಡಿಸಿದ್ದರು. ಲಿನಕ್ಸ್ ಕರ್ನೆಲಿನ ದಾಖಲೆಗಳಲ್ಲಿ ಜೊನಾಥನ್ ಕಾರ್ಬೆಟ್ ಅವರು ೨೦೦೭ರಲ್ಲಿ ಬರೆದ ಒಂದು ಪತ್ರವು ವೊಲಟೈಲನ್ನು ಸಾಮಾನ್ಯವಾಗಿ ಬಳಸಲೇಬಾರದೆಂದು ವಾದಿಸುತ್ತದೆ. ಡ್ರೈವರ್ ಬರೆಯಲು ಹೊರಟವರೆಲ್ಲರೂ ಓದತಕ್ಕ ಬರಹ ಅದು. ಆದರೆ ವಿಮರ್ಶೆಯಿಲ್ಲದೆ ಓದತಕ್ಕದ್ದಲ್ಲ.

ಅದರ ವಾದದ ತಿರುಳು ಹೀಗಿದೆ. ಒಂದೇ ಮಾಹಿತಿಯನ್ನು ಹಲವರು ಏಕಕಾಲದಲ್ಲಿ ಮುಟ್ಟುವಾಗ ಬೇಕಾದದ್ದು ಬೀಗ. ಬೀಗ ಹಾಕಿದ ಮೇಲೆ ಕಂಪೈಲರು ಆ ಗಡಿಯನ್ನು ದಾಟಿ ಕ್ರಮವನ್ನು ಬದಲಿಸಲಾರದು. ಆಗ ವೊಲಟೈಲ್ ಅನಾವಶ್ಯಕ. ಬೀಗವಿಲ್ಲದಿದ್ದರೆ ವೊಲಟೈಲ್ ಸಾಲದು. ಸಾಧನದ ರಿಜಿಸ್ಟರುಗಳನ್ನು ಮುಟ್ಟಲು ಕರ್ನೆಲು ಪ್ರತ್ಯೇಕ ಉಪಕ್ರಮಗಳನ್ನು ಒದಗಿಸಿದೆ. ಅವುಗಳ ಮೂಲಕವೇ ಹೋಗಬೇಕು. ಇಷ್ಟರ ಮಟ್ಟಿಗೆ ಪತ್ರದ ನಿಲುವು ಅಭೇದ್ಯ. ಎಚ್ಚರಿಕೆ ಬೇಕಾದದ್ದು ಮಾಹಿತಿಗಲ್ಲ, ಅದನ್ನು ಮುಟ್ಟುವ ಕ್ರಿಯೆಗೆ ಎಂಬ ಸೂಕ್ಷ್ಮವನ್ನು ಅದು ಚೆನ್ನಾಗಿ ಹಿಡಿದಿದೆ. ಹಸ್ತಪ್ರತಿಯ ಹೊದಿಕೆಯ ಮೇಲೆ ‘ಎಲ್ಲವೂ ಶುದ್ಧಪಾಠ’ ಎಂದು ಬರೆಯುವುದಕ್ಕಿಂತ ಸಂದೇಹವಿರುವ ಸ್ಥಳದಲ್ಲಿಯೇ ಗುರುತು ಹಾಕುವುದು ಮೇಲು.

ಕೊರತೆಯಿರುವುದು ಬೇರೆ ಕಡೆ. ಪತ್ರವು ತಾನೇ ನಾಲ್ಕು ವಿನಾಯಿತಿಗಳನ್ನು ಕೊಡುತ್ತದೆ. ಅವುಗಳಲ್ಲಿ ಮೊದಲನೆಯದು ರಿಜಿಸ್ಟರುಗಳನ್ನು ಮುಟ್ಟುವ ಆ ಉಪಕ್ರಮಗಳ ಒಳಗಿನ ಬಳಕೆ. ಎಂದರೆ ಡ್ರೈವರ್ ಬರೆಯುವವನಿಗೆ ನಿಷಿದ್ಧವಾದ ಪದವು ಅವನಿಗೆ ಕಾಣದಂತೆ ಅಡಿಪಾಯದಲ್ಲಿ ಇದ್ದೇ ಇದೆ. ಆ ಬಳಿಕ ಬಂದ ‘ರೀಡ್ ಒನ್ಸ್’, ‘ರೈಟ್ ಒನ್ಸ್’ ಎಂಬ ಸಾಧನಗಳ ಒಳಗೂ ಇರುವುದು ಅದೇ ವೊಲಟೈಲ್. ಮುಂಬಾಗಿಲಲ್ಲಿ ತಡೆದವನನ್ನು ಹಿತ್ತಿಲಿನಿಂದ ಕರೆತಂದು ಕೆಲಸಕ್ಕೆ ಇಟ್ಟುಕೊಂಡಂತಾಯಿತು. ಇದು ದೋಷವಲ್ಲ, ಆದರೆ ಹಾಗೆಂದು ಬಾಯಿಬಿಟ್ಟು ಹೇಳದಿದ್ದರೆ ವಿದ್ಯಾರ್ಥಿಯು ಆ ಪದವನ್ನೇ ಅಸ್ಪೃಶ್ಯವೆಂದು ತಿಳಿಯುತ್ತಾನೆ, ಅದು ಮಾಡುವ ಕೆಲಸವನ್ನು ಎಂದೂ ತಿಳಿಯುವುದಿಲ್ಲ.

ಇನ್ನೊಂದು ಸಂಗತಿ ಪತ್ರವು ಬರೆಯಲ್ಪಟ್ಟ ಮೇಲೆ ಬೆಳಕಿಗೆ ಬಂದುದು. ಎರಿಕ್ ಐಡ್ ಮತ್ತು ಜಾನ್ ರೆಗರ್ ಎಂಬ ವಿದ್ವಾಂಸರು ೨೦೦೮ರಲ್ಲಿ ಹದಿಮೂರು ಕಂಪೈಲರುಗಳನ್ನು ಪರೀಕ್ಷಿಸಿ, ಪ್ರತಿಯೊಂದೂ ಎಲ್ಲಿಯಾದರೂ ಒಂದು ಕಡೆ ವೊಲಟೈಲಿನ ಕಟ್ಟಪ್ಪಣೆಯನ್ನು ಮೀರಿ ತಪ್ಪು ಪಾಠವನ್ನು ಕೊಡುತ್ತದೆಂದು ತೋರಿಸಿದರು. ಕರ್ನೆಲಿಗೂ ಇದರ ಬಿಸಿ ತಟ್ಟಿತು. ಜಿಸಿಸಿಯ ೪.೬ ಮತ್ತು ೪.೭ನೆಯ ಆವೃತ್ತಿಗಳು ಹಲವು ಅಂಗಗಳುಳ್ಳ ಮಾಹಿತಿಯ ವಿಷಯದಲ್ಲಿ ವೊಲಟೈಲ್ ಎಂಬ ಗುರುತನ್ನು ಪರಿಷ್ಕಾರದ ನಡುವೆ ಕಳೆದುಬಿಡಬಹುದೆಂದು ಕಂಡುಬಂದಾಗ, ಹಳೆಯ ‘ಆಕ್ಸೆಸ್ ಒನ್ಸ್’ ಎಂಬುದಕ್ಕೆ ಬದಲಾಗಿ ‘ರೀಡ್ ಒನ್ಸ್’ ಮೊದಲಾದುವನ್ನು ೨೦೧೪-೧೫ರ ಸುಮಾರಿನಲ್ಲಿ ತರಬೇಕಾಯಿತು. ಆದುದರಿಂದ 'ಅಪರಾಧ ಕಂಪೈಲರಿನದು' ಎಂಬ ಮಾತು ಯಾವಾಗಲೂ ಸುಳ್ಳಲ್ಲ. ಆದರೆ ಹಾಗೆ ಹೇಳುವವನು ಯಾವ ಆವೃತ್ತಿ, ಯಾವ ಮಟ್ಟ, ಯಾವ ಸಾಲು ಎಂಬುದನ್ನು ತೋರಿಸಿ ಹೇಳಬೇಕು. ಶಾಸನಪಾಠ ತಪ್ಪೆನ್ನುವವನು ಬಂಡೆಯ ಅಚ್ಚನ್ನು ಮುಂದಿಡುವಂತೆ.

ಪಾಠಕ್ರಮಕ್ಕೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಪ್ರಯೋಗಶಾಲೆಯ ದಾಖಲೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುವುದು ಮೂಲಪಾಠ ಮತ್ತು ಕೊನೆಯ ಫಲಿತಾಂಶ. ನಡುವಣ ಪಾಠದ ಸುಳಿವೇ ಇರುವುದಿಲ್ಲ. ಡ್ರೈವರಿನ ವಿಷಯದಲ್ಲಿ ಇದು ಸಾಲದು. ಕರ್ನೆಲಿನ ಹೊರಗೆ ಬರೆದ ಚಿಕ್ಕ ಡ್ರೈವರನ್ನೂ ಕರ್ನೆಲಿನ ಕಟ್ಟಡವ್ಯವಸ್ಥೆಯ ಮೂಲಕವೇ ಕಟ್ಟಬೇಕು. ಆಗ ಮೇಲೆ ಹೇಳಿದ ನಿಷೇಧಗಳೆಲ್ಲ ಅದಕ್ಕೆ ತಾವಾಗಿ ಅನ್ವಯಿಸುತ್ತವೆ. ಕಟ್ಟುವಾಗ ಕೊಟ್ಟ ಆಜ್ಞೆಗಳನ್ನು ಪೂರ್ತಿಯಾಗಿ ಮುದ್ರಿಸುವಂತೆ ಕೇಳಬಹುದು. ಆ ಪಟ್ಟಿಯನ್ನೂ ಕಂಪೈಲರಿನ ಆವೃತ್ತಿಯನ್ನೂ ದಾಖಲೆಯಲ್ಲಿ ಬರೆಯಿಸಬೇಕು. ಒಂದೇ ಕಡತವನ್ನು ಓ-೨ ಮಟ್ಟದಲ್ಲಿಯೂ ಓ-ಎಸ್ ಮಟ್ಟದಲ್ಲಿಯೂ ಕಟ್ಟಿ, ಆಬ್ಜ್‌ಡಂಪ್ ಎಂಬ ಸಾಧನದಿಂದ ಎರಡೂ ಯಂತ್ರಪಾಠಗಳನ್ನು ಬಿಡಿಸಿ, ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದುವಂತೆ ಓದಿಸಬೇಕು. ರಿಜಿಸ್ಟರನ್ನು ಮುಟ್ಟುವ ಸಾಲುಗಳು ಎರಡರಲ್ಲಿಯೂ ಅದೇ ಸಂಖ್ಯೆಯಲ್ಲಿ, ಅದೇ ಕ್ರಮದಲ್ಲಿ ಇವೆಯೇ ಎಂಬುದನ್ನು ಎಣಿಸಿ ನೋಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ವ್ಯತ್ಯಾಸ ಕಂಡುಬಂದ ಸ್ಥಳದಲ್ಲಿ, ಉಪಕ್ರಮದ ಮೂಲಕ ಹೋಗದೆ ಬರಿಯ ಪಾಯಿಂಟರಿನಿಂದ ಸಾಧನವನ್ನು ಮುಟ್ಟಿದ ಸಾಲು ಇದೆಯೇ ಎಂಬುದನ್ನು ಮೊದಲು ಹುಡುಕತಕ್ಕದ್ದು.